ನೂರ ಹತ್ತೊಂಬತ್ತನೆಯ ಬಟಾಣಿ

ಹೋಮ್‌ಬೆಕ್
ಮಂಗಳವಾರ, ನವೆಂಬರ್ 9, 1999

ನನ್ನ ಗೇಯ್ನರ್‌ಗೆ, ಅಮ್ಮನ ನೆನಪುಗಳು.

ನಿನ್ನ ನಾಲ್ಕು ಸಾಲಿನ ಕಾಗದ ಬಂದು ಎಂಟು ದಿನವಾಯಿತು. ಹತ್ತು ವರ್ಷ ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೀ ಹೆಸರು ಬರೆದು ಕಳಿಸುತ್ತಿದ್ದವಳು ನಾಲ್ಕು ಸಾಲು ಬರೆದಿದ್ದೀಯ, ಅದೇ ನನಗೆ ದೊಡ್ಡದು. ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಮೂರರಲ್ಲೂ ನಾನು ಒಳ್ಳೆಯವಳಾಗಿಯೇ ಕಾಣುತ್ತಿದ್ದೆ.

ಕ್ಲೈವ್‌ನ ಜೊತೆ ಈಗ ಇರುವ ಲೊರೇನ್ ದವಡೆ ಮುರಿದು ಆಸ್ಪತ್ರೆಯಲ್ಲಿದ್ದಾಳೆ, ಅವನೋ ಜನ್ಮದಲ್ಲಿ ಹೆಂಗಸಿನ ಮೇಲೆ ಕೈ ಎತ್ತಿದವನಲ್ಲ ಎನ್ನುತ್ತಿದ್ದಾನೆ ಎಂದು ಬರೆದಿದ್ದೀಯ. ಅವನು ನಿನ್ನ ಗಂಡನಾಗಿದ್ದಾಗ ನಿನಗೆ ಹೊಡೆದದ್ದಕ್ಕೆ ಎಲ್ಲಾದರೂ ಒಂದು ಗುರುತು, ಒಂದು ಚೀಟಿಯಾದರೂ ಉಳಿದಿದೆಯೇ ಎಂದು ಕೇಳಿದ್ದೀಯ. ಅವತ್ತು ನಮ್ಮ ಮನೆಯಿಂದಲೇ ಪೊಲೀಸರಿಗೆ ಫೋನ್ ಮಾಡಿ ಅರ್ಧ ಗಂಟೆ ಕಾದೆ, ಯಾರೂ ಬರಲಿಲ್ಲ ಎಂದೂ ಬರೆದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ.

ಅದೇ ವಾರ ಕ್ಲೈವ್‌ನ ವಕೀಲರ ಕಾಗದವೂ ಬಂತು. ಅವನ ಶಾಂತ ಸ್ವಭಾವವನ್ನು ಹತ್ತಿರದಿಂದ ಕಂಡವಳೆಂದು ಅವನು ನನ್ನ ಹೆಸರು ಕೊಟ್ಟಿದ್ದಾನಂತೆ. ಹಳೆಯ ಅತ್ತೆಯ ಬಾಯಲ್ಲಿ ಎರಡು ಒಳ್ಳೆಯ ಮಾತು ಬಂದರೆ ಸಾಕಂತೆ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಉರಿ ತಣ್ಣಗಾದ ಮೇಲೆ ಹೊಳೆಯಿತು, ಅವನು ತಿಳಿದಿರುವುದು ಸರಿಯಾಗಿಯೇ ಇದೆ. ಹತ್ತು ವರ್ಷ ನಾನು ಅವನ ಪರವಾಗಿಯೇ ಸುಮ್ಮನಿದ್ದೆನಲ್ಲ.

ಎಲ್ಲರೂ ಒಟ್ಟಿಗೆ ಧ್ಯಾನಕ್ಕೆ ಕೂರಲೆಂದು ಗುಮ್ಮಟ ಕಟ್ಟಿದ ವರ್ಷ ನಿನಗೆ ನೆನಪಿರಬೇಕು. ಆ ಮರದ ನೆಲವನ್ನು ಹಾಸಿದವನು ಕ್ಲೈವ್. ಹೊತ್ತುಹೊತ್ತಿಗೆ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದ, ಯಾರು ಕೇಳಿದರೂ ಇಲ್ಲ ಎನ್ನದೆ ಕುರ್ಚಿ ಮೇಜು ಹೊರುತ್ತಿದ್ದ. ಇಂಥ ಅಳಿಯ ಸಿಕ್ಕಿದನಲ್ಲ ಎಂದು ನಾನು ಬೀಗುತ್ತಿದ್ದೆ. ನಿನ್ನಪ್ಪ ವಿಲ್ಫ್ ಅದಕ್ಕೂ ಮೂರು ವರ್ಷ ಮೊದಲೇ ಹೋಗಿಬಿಟ್ಟಿದ್ದರು. ನಾವಿನ್ನೂ ನಮ್ಮ ಮನೆಯ ಮುಂಗೋಣೆಯಲ್ಲಿ ಹತ್ತು ಜನ ಸೇರಿ ಧ್ಯಾನ ಮಾಡುತ್ತಿದ್ದ ಕಾಲಕ್ಕೇ ಅವರು ಗೇಲಿ ಮಾಡುತ್ತಿದ್ದರು: "ಕಣ್ಣು ಮುಚ್ಚಿ ಕೂತ್ರೆ ಲಿವರ್‌ಪೂಲಿನ ಕಳ್ಳರೆಲ್ಲ ಒಳ್ಳೆಯವರಾಗ್ತಾರೇನೇ? ಹಾಗಿದ್ರೆ ನಾನು ದಿನಾ ಊಟ ಆದ್ಮೇಲೆ ದೇಶಸೇವೆ ಮಾಡ್ತಿದ್ದೀನಿ ಬಿಡು." ನನಗೆ ಸಿಟ್ಟು ಬರುತ್ತಿತ್ತು, ನೀನು ನಗುತ್ತಿದ್ದೆ.

ಎಷ್ಟು ಜನ ಕೂರಬೇಕೆಂಬ ಲೆಕ್ಕ ಹೇಳಿಕೊಟ್ಟವರು ಡೆಸ್ಮಂಡ್, ನಿವೃತ್ತ ಗಣಿತದ ಮೇಷ್ಟ್ರು. ನಮ್ಮ ಕೌಂಟಿಯಲ್ಲಿ ಎಲ್ಲ ಊರೂ ಸೇರಿ ಹದಿನಾಲ್ಕು ಲಕ್ಷ ಜನ. ನೂರಕ್ಕೊಬ್ಬರೆಂದರೆ ಹದಿನಾಲ್ಕು ಸಾವಿರ, ಅದರ ವರ್ಗಮೂಲ ನೂರ ಹದಿನೆಂಟು ಚಿಲ್ಲರೆ. ನೂರ ಹತ್ತೊಂಬತ್ತು ಜನ ಒಟ್ಟಿಗೆ ಕೂತರೆ ಇಡೀ ಕೌಂಟಿಯ ಹೊಡೆದಾಟ ತಗ್ಗುತ್ತದೆ, ಒಬ್ಬರು ಕಡಿಮೆಯಾದರೂ ಇಲ್ಲ. ಅದಕ್ಕೇ ಬಾಗಿಲಲ್ಲಿ ಬಟ್ಟಲು ಇಟ್ಟಿದ್ದೆವು. ಬಂದವರು ಬೂಟು ಬಿಚ್ಚಿ ಒಂದೊಂದು ಒಣ ಬಟಾಣಿ ಹಾಕಿ ಒಳಗೆ ಹೋಗಬೇಕು. ಎಣಿಸುವುದು ನನ್ನ ಕೆಲಸ. ತಿಂಗಳಿಗೊಮ್ಮೆ ಲೈಬ್ರರಿಗೆ ಬರುತ್ತಿದ್ದ ಪೊಲೀಸರ ಅಂಕಿಗಳನ್ನು ನೋಡಿ, ನಮ್ಮೂರಿನ ಹಲ್ಲೆಗಳ ರೇಖಾನಕ್ಷೆಗೆ ಕೆಂಪು ಪೆನ್ಸಿಲಿನಲ್ಲಿ ಚುಕ್ಕಿ ಇಡುವುದೂ ನನ್ನದೇ. ಆ ಗೆರೆ ಇಳಿಯುವುದನ್ನು ನೋಡುವುದು ಎಂಥ ಸುಖ ಎಂದು ನಿನಗೆ ಹೇಗೆ ಹೇಳಲಿ! ಮೂವತ್ತು ವರ್ಷ ಬೇರೆಯವರ ಕಾಗದ ಟೈಪ್ ಮಾಡಿದವಳಿಗೆ ಮೊದಲ ಸಲ ತನ್ನದೊಂದು ಕೆಲಸ ಸಿಕ್ಕಿತ್ತು.

ಅದೆಲ್ಲ ಸುಳ್ಳೆಂದು ನಾನು ಈಗಲೂ ಹೇಳಲಾರೆ. ಗೆರೆಗಳು ಬೇರೆ ಊರುಗಳಲ್ಲೂ ಏರಿ ಇಳಿಯುತ್ತವೆ, ನೀವು ಇಳಿದದ್ದನ್ನು ಮಾತ್ರ ನೋಡುತ್ತೀರಿ ಎಂದು ವಿಶ್ವವಿದ್ಯಾಲಯದ ಒಬ್ಬಾಕೆ ಬಂದು ಹೇಳಿ ಹೋದಳು. ಇರಬಹುದು. ಆದರೆ ಅಲ್ಲಿ ಕೂತಾಗ ಎದೆಯ ಗಡಿಬಿಡಿ ನಿಲ್ಲುತ್ತಿದ್ದದ್ದು ನಿಜ. ಈಗಲೂ ದಿನಾ ಸಂಜೆ ಐದಕ್ಕೆ ಹೋಗುತ್ತೇನೆ.

ಈಗ ಹತ್ತು ವರ್ಷದ ಹಿಂದಿನ ಆ ಮಾರ್ಚ್ ಸಂಜೆಗೆ ಬರುತ್ತೇನೆ. ಊರಿಗೆಲ್ಲ ಶೀತಜ್ವರ ಹಿಡಿದಿತ್ತು. ನಾಲ್ಕು ಗಂಟೆಗೆ ಡೆಸ್ಮಂಡ್ ಫೋನ್ ಮಾಡಿ, ಬರುತ್ತೇನೆಂದವರು ನಿಮ್ಮನ್ನು ಬಿಟ್ಟು ನೂರ ಹದಿನೆಂಟಕ್ಕೇ ನಿಂತಿದ್ದಾರೆ, ನೀವು ತಪ್ಪಿಸಬಾರದು ಎಂದಿದ್ದರು. ಐದಕ್ಕೆ ಹದಿನೈದು ನಿಮಿಷವಿದ್ದಾಗ ನೀನು ಬಂದೆ. ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿಕೊಂಡಿತ್ತು, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ನಾನು ಆಗಲೇ ಕೋಟು ಹಾಕಿಕೊಂಡಿದ್ದೆ. ಯಾರು ಹೊಡೆದರೆಂದು ನಾನು ಕೇಳಲೇ ಇಲ್ಲ, ನೋಡು. ಮೊದಲೂ ಎರಡು ಸಲ ನಿನ್ನ ತೋಳಿನ ಮೇಲೆ ಕಂದಿದ ಗುರುತು ಕಂಡಿದ್ದೆ. ಅವನನ್ನು ಧ್ಯಾನಕ್ಕೆ ತಪ್ಪಿಸದೆ ಕಳಿಸು, ಸರಿಹೋಗುತ್ತಾನೆ ಎಂದು ಬುದ್ಧಿ ಹೇಳಿದ್ದೆ.

"ಅಮ್ಮಾ, ಇವತ್ತೊಂದಿನ ಹೋಗ್ಬೇಡ" ಅಂದೆ ನೀನು.

"ನಾನು ಹೋಗದಿದ್ರೆ ಒಬ್ಬರು ಕಡಿಮೆ ಬೀಳ್ತಾರೆ ಕಣೇ. ಒಂದು ಗಂಟೆ ತಾನೆ? ಕೆಟಲ್ ಇಟ್ಟಿದ್ದೀನಿ, ಟೀ ಮಾಡ್ಕೊಂಡು ಕುಡೀತಿರು."

ಹೀಗೆ ಹೇಳಿ ಬಾಗಿಲೆಳೆದುಕೊಂಡು ಹೋದೆ. ಮನೆಗೆ ಮಾರಿ, ಊರಿಗೆ ಉಪಕಾರಿ. ಆ ಮಾತು ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು.

ಗುಮ್ಮಟದಲ್ಲಿ ಬಟಾಣಿ ಎರಡು ಸಲ ಎಣಿಸಿದೆ. ನನ್ನದೂ ಸೇರಿ ನೂರ ಹದಿನೆಂಟು. ಡೆಸ್ಮಂಡ್ ಬಾಗಿಲು ಹಾಕಲು ಎದ್ದರು. ಆಗ ಓಡುತ್ತಾ ಒಬ್ಬ ಬಂದ. ಕೂದಲು ಬಾಚಿ, ಕೈ ತೊಳೆದುಕೊಂಡು ಬಂದಿದ್ದ, ಬೆರಳ ಗೆಣ್ಣಿಗೆ ಪ್ಲಾಸ್ಟರ್ ಅಂಟಿಸಿಕೊಂಡಿದ್ದ. ನನ್ನ ಮುಖ ನೋಡದೆ ಬಟ್ಟಲಿಗೆ ಒಂದು ಬಟಾಣಿ ಹಾಕಿದ. ನೂರ ಹತ್ತೊಂಬತ್ತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೂ ಸಮಾಧಾನವಾಯಿತು, ಗೇಯ್ನರ್. ಇದನ್ನು ಬರೆಯಲು ನನಗೆ ಎಂಟು ದಿನ ಬೇಕಾಯಿತು. ನಿನ್ನ ಮುಖ ಹಾಗೆ ಮಾಡಿದವನು ಬಂದು ಲೆಕ್ಕ ತುಂಬಿಸಿದ, ನಾನು ಅವನನ್ನು ಎಣಿಸಿದೆ, ಆಮೇಲೆ ಅವನಿಗಿಂತ ಎರಡು ಸಾಲು ಮುಂದೆ ಕೂತು ಕಣ್ಣು ಮುಚ್ಚಿದೆ.

ಆರೂ ಐದಕ್ಕೆ ಮನೆಗೆ ಬಂದೆ. ನೀನಿರಲಿಲ್ಲ. ಟೀ ಕಪ್ಪು ತೊಳೆದು ಬೋರಲು ಹಾಕಿದ್ದೆ. ಅಂಥ ಹೊತ್ತಿನಲ್ಲೂ ಕಪ್ಪು ತೊಳೆದಿಟ್ಟು ಹೋದ ಮಗಳು ನೀನು. ವಾರದ ಮೇಲೆ ಬ್ಯಾರೋದಿಂದ ಫೋನ್ ಮಾಡಿದಾಗಲೂ ನೀನು ನನ್ನನ್ನು ಬೈಯಲಿಲ್ಲ, ಬದುಕಿದ್ದೀನಿ ಎಂದಷ್ಟೇ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು.

ಆ ತಿಂಗಳು ನಮ್ಮೂರಿನ ಹಲ್ಲೆಗಳು ಹತ್ತು. ಹಿಂದಿನ ಅತಿ ಕಡಿಮೆ ಹನ್ನೊಂದು. ನಾನೇ ಚುಕ್ಕಿ ಇಟ್ಟೆ, ನಾನೇ ಶುಂಠಿ ಕೇಕ್ ಮಾಡಿ ಹಂಚಿದೆ. ಕ್ಲೈವ್ ಎರಡು ತುಂಡು ತಿಂದ. ಆ ನಕ್ಷೆ ಈಗಲೂ ಗುಮ್ಮಟದ ಗೋಡೆಯ ಮೇಲಿದೆ. ಹೊಸಬರು ಬಂದರೆ ಮೊದಲು ಆ ಚುಕ್ಕಿಯನ್ನೇ ತೋರಿಸುತ್ತಾರೆ.

ನನ್ನನ್ನು ಕ್ಷಮಿಸೆಂದು ಬೇಡುವುದಿಲ್ಲ, ಅಷ್ಟು ನಾಚಿಕೆ ಉಳಿದಿದೆ. ನೀನು ಚೆನ್ನಾಗಿ ಉಂಡು ತಿಂದು ಇದ್ದೀಯಾ? ಬ್ಯಾರೋದಲ್ಲಿ ಸಮುದ್ರದ ಗಾಳಿ ಜಾಸ್ತಿ ಎನ್ನುತ್ತಾರೆ, ಕಿವಿ ಮುಚ್ಚಿಕೊಂಡು ಓಡಾಡು. ಚಿಕ್ಕಂದಿನಲ್ಲಿ ನಿನಗೆ ಕಿವಿನೋವು ಬರುತ್ತಿತ್ತು.

ಅವತ್ತು ಎದ್ದು ಹೋದ ನಿನ್ನ ಅಮ್ಮ,
ಎನಿಡ್

ಮರೆತದ್ದು: ಮರೆತದ್ದಲ್ಲ, ಕಾಗದ ಮುಗಿಯುವವರೆಗೂ ಬಚ್ಚಿಟ್ಟದ್ದು. ಪೊಲೀಸರು ಬಂದಿದ್ದರು, ನಾನು ಮನೆಗೆ ಬಂದ ಬೆನ್ನಿಗೇ. ನೀನು ಬಸ್ಸು ಹತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ. ಹೆಸ್ಕೆತ್ ಎಂಬ ಎಳೆಯ ಕಾನ್‌ಸ್ಟೆಬಲ್, ನಮ್ಮೂರಿನ ರಸ್ತೆ ವೃತ್ತಗಳಲ್ಲಿ ದಾರಿ ತಪ್ಪಿ ಸುತ್ತಿ ಸುತ್ತಿ ಬಂದೆ ಎಂದು ಬಾಗಿಲಲ್ಲೇ ತಪ್ಪೊಪ್ಪಿಕೊಂಡ. ಮಗಳು ಮೆಟ್ಟಿಲ ಮೇಲಿಂದ ಬಿದ್ದಳು, ಗಾಬರಿಯಲ್ಲಿ ಫೋನ್ ಮಾಡಿದ್ದಾಳೆ, ಬರೆದುಕೊಳ್ಳುವಂಥದ್ದೇನೂ ಇಲ್ಲ ಎಂದೆ. ಒಮ್ಮೆ ಅವಳನ್ನು ನೋಡಬಹುದೇ ಎಂದು ಕೇಳಿದ. ಮಲಗಿದ್ದಾಳೆ, ಎಬ್ಬಿಸಬೇಡಿ ಎಂದೆ. ಅವನು ತೆರೆದ ಪುಸ್ತಕ ಮುಚ್ಚಿಕೊಂಡು ಹೋದ. ಆ ತಿಂಗಳು ಹನ್ನೊಂದಾಗಬೇಕಿದ್ದದ್ದು ಹತ್ತಾದದ್ದು ಹೀಗೆ. ನೀನು ಕೂಗಿದ್ದು ಅವರಿಗೆ ಕೇಳಿಸಿತ್ತು, ಮಗಳೇ. ವಾಪಸು ಕಳಿಸಿದವಳು ನಾನು. ಇದನ್ನು ನನ್ನ ಹೆಸರಿನಲ್ಲೇ ಬರೆಸಿ ಸಹಿ ಹಾಕಲು ಗುರುವಾರ ಠಾಣೆಗೆ ಹೋಗುತ್ತಿದ್ದೇನೆ. ಲೊರೇನ್‌ಗೆ ಇಷ್ಟಾದರೂ ಸಿಗಲಿ. ಅವರು ಕೊಟ್ಟಿರುವ ಹೊತ್ತು ಸಂಜೆ ಐದು ಗಂಟೆ. ಆ ಹೊತ್ತಿಗೆ ಗುಮ್ಮಟದಲ್ಲಿ ಒಬ್ಬರು ಕಡಿಮೆ ಬೀಳುತ್ತಾರೆ. ಬೀಳಲಿ.