ಸುಹಾಸನ ಹಣೆಯೂ ಅಜ್ಜನ ಪ್ರಸಾದವೂ

ವಿಕ್ರೋಳಿ, ಮುಂಬಯಿ
೨೭ ನವೆಂಬರ್ ೨೦೨೪, ಬುಧವಾರ

ಪ್ರೀತಿಯ ಸೊಸೆ ಅನುರಾಧಾಳಿಗೆ ಅತ್ತೆಯ ಆಶೀರ್ವಾದಗಳು.

ಮಸ್ಕತ್ತಿನಲ್ಲಿ ನೀವೆಲ್ಲ ಹೇಗಿದ್ದೀರಿ? ನಿನ್ನ ಸೊಂಟನೋವು ಈಗ ಹೇಗಿದೆ? ಬಾಣಂತನ ಮಾಡುವವಳೇ ಹಾಸಿಗೆ ಹಿಡಿದರೆ ಮಗಳು ಲಾವಣ್ಯಾಳನ್ನು ನೋಡುವವರು ಯಾರು? ಮಗುವಿಗೆ ಎಣ್ಣೆ ಹಚ್ಚುವಾಗ ಕಿವಿಯೊಳಗೆ ಹೋಗದಂತೆ ನೋಡಿಕೋ. ಲಾವಣ್ಯಾ ಹಸಿವಿಲ್ಲ ಎಂದರೆ ಕೇಳಬೇಡ, ಬಡಿಸಿಬಿಡು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಯಾವತ್ತಿನ ಹಾಗೆಯೇ, ಲಿಫ್ಟ್ ಕೆಟ್ಟ ದಿನ ಮಾತ್ರ ದೇವರ ಹೆಸರು ಹೆಚ್ಚು ಹೇಳುತ್ತೇನೆ. ಕೆಳಗಿನ ಮಹಡಿಯ ಸೋಮನಾಥ ರಜೆ ಮುಗಿಸಿ ಮಸ್ಕತ್ತಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಬಾಣಂತಿ ಲೇಹ್ಯ, ಓಮ, ಕರಿಜೀರಿಗೆ, ಸ್ವಲ್ಪ ಕುಚ್ಚಲಕ್ಕಿ ಕಳಿಸಿದ್ದೇನೆ. ಈ ಕಾಗದವನ್ನು ಅಕ್ಕಿಯ ಚೀಲದಲ್ಲಿ ಹುದುಗಿಸಿದ್ದೇನೆ, ಏಕೆಂದರೆ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ನನ್ನ ಫೋನಿನ ಪಕ್ಕದಲ್ಲಿ ನಿನ್ನ ಗಂಡನ ಕಿವಿ ಇರುತ್ತದೆ. ಇದನ್ನು ಒಬ್ಬಳೇ ಕುಳಿತು ಓದು.

ಮೊನ್ನೆ ನೀನು ಫೋನಿನಲ್ಲಿ ಅತ್ತುಬಿಟ್ಟೆಯಲ್ಲ, ಅದರಿಂದ ನನಗೆ ಊಟ ಸೇರಲಿಲ್ಲ. “ಅತ್ತೆ, ಅವರು ವಿಡಿಯೋದಲ್ಲಿ ಮುಖ ತೋರಿಸುದೇ ಇಲ್ಲ. ಫ್ಯಾನ್ ತೋರಿಸ್ತಾರೆ, ಗೋಡೆ ತೋರಿಸ್ತಾರೆ. ಅಲ್ಲಿ ಎಂತದೋ ಉಂಟು. ನಾನು ಟಿಕೆಟ್ ಮಾಡಿಸಿ ಬಂದುಬಿಡ್ತೇನೆ” ಎಂದೆ. ಬರಬೇಡ ಮಾರಾಯ್ತಿ. ಹಸಿ ಬಾಣಂತಿಯನ್ನು ಬಿಟ್ಟು ಓಡಿಬರುವಂಥದ್ದು ಇಲ್ಲೇನೂ ಆಗಿಲ್ಲ. ನೀನು ಅಂದುಕೊಂಡ ಹಾಗೆ ಇಲ್ಲಿ ಯಾವ ಹೆಂಗಸೂ ಇಲ್ಲ. ಇರುವುದು ನಿನ್ನ ಗಂಡನ ಹಣೆ ಒಂದೇ. ಆ ಹಣೆಯಿಂದ ನನಗಾದಷ್ಟು ತಲೆನೋವು ಅವನನ್ನು ಹೆತ್ತಾಗಲೂ ಆಗಿರಲಿಲ್ಲ.

ಸುಹಾಸ ದಾದರಿನ ಯಾವುದೋ ಕ್ಲಿನಿಕ್ಕಿಗೆ ಹೋಗಿ ಹುಬ್ಬುಗಳ ನಡುವೆ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದಾನೆ. ಜ್ವರಕ್ಕಲ್ಲ, ಸಕ್ಕರೆ ಕಾಯಿಲೆಗಲ್ಲ. ಸುಕ್ಕು ತೆಗೆಯುವ ಇಂಜೆಕ್ಷನ್. ಸಿನಿಮಾದವರು ಹಾಕಿಸಿಕೊಳ್ಳುತ್ತಾರಂತಲ್ಲ, ಅದೇ. ನೀನು ಇನ್ನೊಮ್ಮೆ ಓದಬೇಕಾಗಿಲ್ಲ, ಸರಿಯಾಗಿಯೇ ಬರೆದಿದ್ದೇನೆ. ಅರವತ್ತು ಹತ್ತಿರ ಬಂತು, ಮೊಮ್ಮಗು ಹುಟ್ಟಿತು, ಕುರ್ಲಾದ ಬಾರಿನಲ್ಲಿ ಮ್ಯಾನೇಜರನಾಗಿ ತಲೆಕೂದಲು ಉದುರಿಸಿಕೊಂಡವನು ಈಗ ಮುಖ ಇಸ್ತ್ರಿ ಮಾಡಿಸಿಕೊಳ್ಳಲು ಹೊರಟಿದ್ದಾನೆ. ನನ್ನ ಹಣೆಯ ಮೇಲೆ ಇರುವಷ್ಟು ಗೆರೆ ವಿಕ್ರೋಳಿ ಸ್ಟೇಷನ್ನಿನ ಹಳಿಗಳಲ್ಲೂ ಇಲ್ಲ, ನಾನು ಸತ್ತೆನೇ?

ಹಾಕಿಸಿಕೊಂಡದ್ದು ಹಾಳಾಗಲಿ, ಯಾವ ದಿನ ಹಾಕಿಸಿಕೊಂಡ ಕೇಳು. ಸಂಕ್ರಮಣದ ದಿನ! ಲಾವಣ್ಯಾಳ ಹೆರಿಗೆ ಸುಸೂತ್ರವಾಗಲಿ ಎಂದು ನಮ್ಮೂರ ದೈವ ಕೊರಗಜ್ಜನಿಗೆ ಎಲೆ ಹಾಕಿ ಕೋಳಿ, ಕಳ್ಳು ಬಡಿಸುವ ಅಗೆಲಿನ ಹರಕೆಯನ್ನು ನಾನು ಹೇಳಿಕೊಂಡದ್ದು ನಿನಗೆ ಗೊತ್ತಲ್ಲ. ಆ ಹರಕೆ ತೀರಿಸುವ ದಿನವೇ ಮಧ್ಯಾಹ್ನ ಇವನು ಹಣೆ ಚುಚ್ಚಿಸಿಕೊಂಡು ಬಂದ. ಕ್ಲಿನಿಕ್ಕಿನಲ್ಲಿ ಸ್ನೇಹಲ್ ಎಂಬ ಹುಡುಗಿ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಳಂತೆ: “ಕಾಕಾ, ಆದಲ್ಯಾ ದಿವಶೀ ದಾರೂ ನಕೋ, ನಂತರಹೀ ನಕೋ.” ಹಿಂದಿನ ದಿನವೂ ಕುಡಿಯಬಾರದು, ಆಮೇಲೆಯೂ ಕುಡಿಯಬಾರದು, ಕುಡಿದರೆ ಚುಚ್ಚಿದ ಜಾಗದಲ್ಲಿ ರಕ್ತ ಹರಡಿ ನೀಲಿಗಟ್ಟುತ್ತದೆ ಎಂದು. ಇವನು ಎದೆಯುಬ್ಬಿಸಿ, “ಇಡೀ ಆಯುಷ್ಯ ಬಾರಿನಲ್ಲಿ ಕಳೆದಿದ್ದೇನೆ, ಒಂದು ತೊಟ್ಟು ಮುಟ್ಟಿದವನಲ್ಲ” ಎಂದು ಹೇಳಿ ಬಂದಿದ್ದಾನೆ. ಸುಳ್ಳೂ ಅಲ್ಲ. ಹತ್ತೂರಿನವರಿಗೆ ಕುಡಿಸುತ್ತಾನೆ, ತಾನು ಮಜ್ಜಿಗೆ ಕುಡಿಯುತ್ತಾನೆ.

ಸಂಜೆ ಬಾಲ್ಕನಿಯಲ್ಲಿ ಬಾಳೆಲೆ ಹಾಕಿ, ಅಜ್ಜನಿಗೆ ಕೋಳಿ ಸಾರು, ರೊಟ್ಟಿ, ಚಕ್ಕುಲಿ, ವೀಳ್ಯ ಎಲ್ಲ ಬಡಿಸಿದ್ದಾಯಿತು. ಕಳ್ಳು ಇಡದೆ ಹರಕೆ ತೀರುವುದಿಲ್ಲ. ವಿಕ್ರೋಳಿಯಲ್ಲಿ ತಾಳೆಮರ ಎಲ್ಲಿ ಹುಡುಕಲಿ, ಅಂಗಡಿಯ ಬಾಟಲಿಯೇ ಗತಿ. ಪ್ರತಿ ಸಲ ನಮ್ಮ ಬಿಲ್ಡಿಂಗಿನ ಊರವರೆಲ್ಲ ಬಂದು ಗುಟುಕು ಗುಟುಕು ಪ್ರಸಾದ ತೆಗೆದುಕೊಂಡು ಹೋಗುತ್ತಾರೆ, ಬಾಟಲಿ ಯಾವಾಗ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಈ ಸಲ ನಿನ್ನ ಗಂಡ ಯಾರನ್ನೂ ಕರೆಯಲಿಲ್ಲ. “ಅನುರಾಧಾ ಇಲ್ಲ, ಸುಮ್ಮನೆ ಜನ ಯಾಕೆ” ಎಂದ. ಚುಚ್ಚಿಸಿಕೊಂಡ ಹಣೆ ಯಾರ ಕಣ್ಣಿಗೂ ಬೀಳಬಾರದು ಎಂಬ ಉಪಾಯ ಅದು ಎಂದು ನನಗೇನು ಕನಸು ಬಿದ್ದಿತ್ತೇ? ನೆಲಕ್ಕೆ ಹಣೆ ಒತ್ತಿ ಅಡ್ಡಬಿದ್ದ. ಅದೂ ಮಾಡಬಾರದಿತ್ತಂತೆ! ಎದ್ದಮೇಲೆ ನೋಡಿದರೆ ಪ್ರಸಾದಕ್ಕೆ ಇರುವವರು ಇಬ್ಬರೇ. ನನಗೆ ಸಕ್ಕರೆಯ ಮಾತ್ರೆ ನಡೆಯುತ್ತಿದೆ, ತುಟಿಗೆ ಮುಟ್ಟಿಸಿದೆ ಅಷ್ಟೆ. ಉಳಿದದ್ದನ್ನು ಲೋಟಕ್ಕೆ ಸುರಿದು ಅವನ ಕೈಗೆ ಕೊಟ್ಟೆ. “ಸ್ವಲ್ಪ ಸಾಕಮ್ಮ” ಎಂದ. “ಅಜ್ಜನ ಪ್ರಸಾದವನ್ನು ಬೇಸಿನ್ನಿಗೆ ಚೆಲ್ಲುದಾ? ನಿನ್ನ ಮಗಳ ಹೆರಿಗೆಯ ಹರಕೆ ಮಾರಾಯ, ಕುಡಿ” ಎಂದು ಗದರಿದೆ. ಒಂದು ಲೋಟ ಮುಗಿಸಿದ, ಇನ್ನೊಂದನ್ನೂ ಮುಗಿಸಿದ. ಇಂಜೆಕ್ಷನ್ ವಿಷಯವನ್ನು ತಾಯಿಗೆ ಹೇಳುವುದಕ್ಕಿಂತ ಕುಡಿಯುವುದೇ ಸುಲಭ ಎನ್ನಿಸಿತಂತೆ ಮಹಾರಾಯನಿಗೆ.

ಬೆಳಿಗ್ಗೆ ಚಹಾ ಕೊಡಲು ಹೋದವಳು ಕಪ್ಪನ್ನೇ ಬೀಳಿಸಿಬಿಟ್ಟೆ. ಹುಬ್ಬಿನ ನಡುವಿನಿಂದ ಎರಡೂ ಕಣ್ಣಿನ ಮೂಲೆಗಳವರೆಗೆ ನೇರಳೆ ಹಣ್ಣು ಜಜ್ಜಿದ ಹಾಗೆ ನೀಲಿ. ಬಾರಿನಲ್ಲಿ ಯಾವನೋ ಕುಡುಕ ಹೊಡೆದಿದ್ದಾನೆ ಎಂದೇ ನಾನು ತಿಳಿದದ್ದು. “ಎಂತದಿಲ್ಲಮ್ಮ, ಬಾತ್‌ರೂಮಿನ ಬಾಗಿಲು ತಾಗಿದ್ದು” ಎಂದ. ಬಾಗಿಲು ತಾಗಿದರೆ ಒಂದು ಕಡೆ ತಾಗೀತು, ಅಳತೆ ಹಿಡಿದು ನಟ್ಟನಡುವೆ ತಾಗುತ್ತದೆಯೇ? ಪೊಲೀಸರಿಗೆ ಹೇಳುತ್ತೇನೆ ಎಂದು ಚಪ್ಪಲಿ ಹಾಕಿಕೊಂಡ ಮೇಲೆ ನಿಜ ಬಾಯಿಬಿಟ್ಟ. ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಹಾಗಾಯಿತು.

ಎಳೆದುಕೊಂಡು ಹೋದೆ ಕ್ಲಿನಿಕ್ಕಿಗೆ. ನನ್ನ ಮೊಣಕಾಲಿನಲ್ಲಿ ದಾದರಿನ ಸೇತುವೆ ಹತ್ತಿ ಇಳಿಯುವುದು ಎಂದರೆ ಸಾಮಾನ್ಯವೇ? ಡಾಕ್ಟರಮ್ಮ ನೋಡಿ, ಕುಡಿದಿರಾ ಎಂದು ಕೇಳಿದರು. ಇವನು ಕಣ್ಣು ಮಿಟುಕಿಸದೆ “ಇಲ್ಲ” ಎಂದ. ಮತ್ತೆ ಕೇಳಿದರು, ಮತ್ತೆ “ಇಲ್ಲ.” ನಾನು ಪಕ್ಕದಿಂದ ಹೇಳಿದೆ, “ಕುಡಿಯಲಿಲ್ಲಮ್ಮ, ಪ್ರಸಾದ ತಗೊಂಡಿದ್ದಾನೆ ಅಷ್ಟೆ.” ಆಯಮ್ಮ ಶಿರಾ, ಪಂಚಾಮೃತ ಏನೋ ಅಂದುಕೊಂಡು ತಲೆಯಾಡಿಸಿದರು. ಎಷ್ಟು ಪ್ರಸಾದ ಎಂದು ಯಾಕೆ ಕೇಳಿದರೋ, “ಬಾಟಲಿಯದ್ದು ಎರಡು ಲೋಟ” ಎಂದೆ. ಆಮೇಲೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಸ್ನೇಹಲ್ ಎಂಬ ಆ ಹುಡುಗಿ ನಗು ತಡೆಯಲಾರದೆ ಹೊರಗೆ ಓಡಿದಳು. ಡಾಕ್ಟರಮ್ಮ ಮಾತ್ರ ನಗಲಿಲ್ಲ. “ಆಜೀ, ನಿಮ್ಮ ದೇವರಿಗೆ ಅದು ಪ್ರಸಾದ, ಇವರ ರಕ್ತಕ್ಕೆ ಅದು ದಾರೂನೇ” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನು? ನಮ್ಮವರ ಲೆಕ್ಕದಲ್ಲಿ ಬಾಣಂತಿಗೆ ಕೊಟ್ಟರೆ ಮದ್ದು, ಅಜ್ಜನಿಗೆ ಇಟ್ಟರೆ ಪ್ರಸಾದ, ನೆಂಟರಿಗೆ ಕೊಟ್ಟರೆ ಮರ್ಯಾದೆ. ಪಕ್ಕದ ಮನೆಯವನು ಕುಡಿದರೆ ಮಾತ್ರ ಕುಡಿತ! ಅಂದ ಹಾಗೆ ಲಾವಣ್ಯಾಳಿಗೆ ಲೇಹ್ಯದ ಜೊತೆ ಬ್ರಾಂದಿ ಕೊಡಬೇಕು ಎಂದು ನಾನು ಹೇಳಿದ್ದೆನಲ್ಲ, ಅದು ಬೇಡ. ಅಲ್ಲಿಯ ಡಾಕ್ಟರನ್ನು ಕೇಳದೆ ಏನೂ ಕೊಡಬೇಡ. ಎಪ್ಪತ್ತೆಂಟಕ್ಕೆ ನನಗೂ ಸ್ವಲ್ಪ ಬುದ್ಧಿ ಬಂದಿದೆ.

ನೀಲಿ ಈಗ ಹಳದಿಗೆ ತಿರುಗಿದೆ, ಇನ್ನು ಕೆಲವು ದಿನದಲ್ಲಿ ಹೋಗುತ್ತದೆ. ಹೆದರುವುದು ಬೇಡ ಎಂದಿದ್ದಾರೆ. ವಿಡಿಯೋದಲ್ಲಿ ನಿನಗೆ ಫ್ಯಾನ್ ಕಾಣಿಸುತ್ತಿದ್ದದ್ದು ಇದಕ್ಕೆ. ಆದರೆ ಇಂಜೆಕ್ಷನ್ ಮಾತ್ರ ತನ್ನ ಕೆಲಸ ಮಾಡಿಬಿಟ್ಟಿದೆ. ಈಗ ನಾನು ಎಷ್ಟು ಬೈದರೂ ಅವನ ಹುಬ್ಬು ಗಂಟಾಗುವುದಿಲ್ಲ. ಬೈಗುಳ ತಾಗಿತೋ ಇಲ್ಲವೋ ಗೊತ್ತಾಗದಿದ್ದರೆ ಬೈಯುವುದರಲ್ಲಿ ಏನು ಸುಖ ಹೇಳು? ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮುಖ, ಕರೆಂಟು ಹೋದರೂ ಅದೇ ಮುಖ. ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಗಿದೆ.

ಯಾಕೆ ಮಾಡಿಸಿಕೊಂಡೆ ಎಂದು ಕೇಳಿದ್ದಕ್ಕೆ, ಬಾರಿನ ಮಾಲೀಕರ ಮಗ ಅನಿಕೇತನ ಮೇಲೆ ಹಾಕಿದ. ಬಾರನ್ನು ಹೊಸದು ಮಾಡಿದ್ದಾರೆ, ಬಾಗಿಲಲ್ಲಿ ನಿಲ್ಲುವವರ ಮುಖವೂ ಫ್ರೆಶ್ ಇರಬೇಕು ಎಂದು ಆ ಹುಡುಗ ಹೇಳಿದ್ದಾನೆ ಎಂದ. ನನಗೆ ಮೈಯೆಲ್ಲ ಉರಿಯಿತು. ಮುಖದಲ್ಲಿ ಗೆರೆ ಇದ್ದರೆ ಕೆಲಸದಿಂದ ತೆಗೆಯುತ್ತಾರಾ? ಮೊನ್ನೆ ಭಾನುವಾರ ಅನಿಕೇತ ಮನೆಗೆ ಬಂದಾಗ ಹಿಡಿದು ಜಾಡಿಸಿದೆ. ಅವನು ಕಂಗಾಲಾಗಿ, “ಅಜ್ಜೀ, ನಾನ್ಯಾಕೆ ಹೇಳಲಿ? ಅಂಕಲ್‌ದು ಆ ಸಿಟ್ಟಿನ ಮುಖ ನೋಡಿನೇ ಕಸ್ಟಮರ್ ಲೋಗ್ ಚುಪ್‌ಚಾಪ್ ಬಿಲ್ ಕೊಟ್ಟು ಹೋಗ್ತಿದ್ರು. ಈಗ ಯಾರೂ ಡರೋದೇ ಇಲ್ಲ, ನಿನ್ನೆ ಒಬ್ಬ ಕಸ್ಟಮರ್ ಅಂಕಲ್‌ಗೇ ಗಾನಾ ಹಾಡು ಅಂದ” ಎಂದು ಕೈ ಮುಗಿದ. ಅವನ ಕಣ್ಣಲ್ಲಿ ಸುಳ್ಳು ಕಾಣಲಿಲ್ಲ. ಸುಹಾಸ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದ.

ಹಾಗಾದರೆ ಯಾರಿಗಾಗಿ ಎಂದು ನೀನು ಕೇಳುತ್ತೀ. ನಿನಗೆ ಮೊದಲೇ ಸಂಶಯ, ಇದನ್ನು ಓದಿ ಅದು ದುಪ್ಪಟ್ಟಾಗುತ್ತದೆ ಎಂದೂ ಗೊತ್ತು. ಆದರೆ ಯಾರಿಗೂ ಹೇಳಬೇಡ ಎಂದು ಅವನು ನನ್ನ ಕೈ ಹಿಡಿದು ಕೇಳಿಕೊಂಡಿದ್ದಾನೆ. ಹೇಳಬಾರದವರ ಪೈಕಿ ಮೊದಲಿನವಳೇ ನೀನು. ನಾನು ಹೆತ್ತವಳು, ಆ ಮಾತನ್ನು ಉಳಿಸಿಕೊಳ್ಳಬೇಡವೇ? ನನ್ನನ್ನು ನಂಬು, ಟಿಕೆಟ್ ಮಾಡಿಸಬೇಡ. ಕೆಳಗಿನಿಂದ ಸೋಮನಾಥ ಆಗಲೇ ಕೂಗುತ್ತಿದ್ದಾನೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಲಾವಣ್ಯಾಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ಮಗುವಿನ ಎರಡೂ ಪಾದಕ್ಕೆ ಮುತ್ತಜ್ಜಿಯ ಮುತ್ತು. ನಿಮ್ಮನ್ನೆಲ್ಲ ಅಜ್ಜ ಕಾಯಲಿ.

ನಿನ್ನ ಅತ್ತೆ,
ದೇವಕ್ಕ

ತಾ.ಕ.: ಇಲ್ಲ ಅನುರಾಧಾ, ಹೇಳದೆ ಕಳಿಸಲು ಮನಸ್ಸು ಬರುವುದಿಲ್ಲ. ಅವನಿಗೆ ಕೊಟ್ಟ ಮಾತು ಮುರಿದರೆ ಮುರಿಯಲಿ. ಮಗುವನ್ನು ಮೊದಲ ಸಲ ವಿಡಿಯೋದಲ್ಲಿ ಅವನಿಗೆ ತೋರಿಸಿದಾಗ ಅದು ಅತ್ತಿತಂತೆ. ನೀನು ನಗುತ್ತಾ, “ಆ ಮುಖ ಸ್ವಲ್ಪ ಸಡಿಲ ಮಾಡಿ ಮಾರಾಯ್ರೆ, ಮಗು ಹೆದರ್ತದೆ. ಮೂವತ್ತು ವರ್ಷ ನಾನು ಹೆದರಿದ್ದೇ ಸಾಕು” ಎಂದೆಯಂತೆ. ನಿನಗೆ ನೆನಪಿದೆಯೋ ಇಲ್ಲವೋ. ಅವನು ಮೊನ್ನೆ ಅಡುಗೆಮನೆಯಲ್ಲಿ ನನ್ನ ಮುಂದೆ ನಿಂತು, “ಅವಳು ನನಗೆ ಹೆದರ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲಮ್ಮ” ಎಂದ. ಕಣ್ಣಲ್ಲಿ ನೀರಿತ್ತು, ಹಣೆ ಮಾತ್ರ ಹಾಗೆಯೇ ನುಣ್ಣಗಿತ್ತು. ನೀನು ಅಂದದ್ದು ತಮಾಷೆಗೋ ನಿಜಕ್ಕೋ ನನಗೆ ಗೊತ್ತಿಲ್ಲ. ತಮಾಷೆಯಾದರೆ ಇವತ್ತೇ ಫೋನು ಮಾಡಿ ಹೇಳು. ನಿಜವಾದರೆ, ಡಾಕ್ಟರಮ್ಮ ಹೇಳಿದ್ದಾರೆ, ಇನ್ನು ಮೂರ್ನಾಲ್ಕು ತಿಂಗಳು ಅವನು ಬೇಕೆಂದರೂ ಹುಬ್ಬು ಗಂಟಿಕ್ಕಲು ಆಗುವುದಿಲ್ಲವಂತೆ. ಇಷ್ಟು ವರ್ಷ ಹೆದರಿ ನುಂಗಿಕೊಂಡದ್ದು ಏನೇನಿದೆಯೋ, ಅಷ್ಟರೊಳಗೆ ಎಲ್ಲ ಹೇಳಿಬಿಡು ಮಗಾ.