ಕುಂಡದೊಳಗಿನ ಅಪ್ಪ

ನವೆಂಬರ್ ೧೨, ಬುಧವಾರ

ಕೈಯಿಂದ ಮೀನಿನ ತೊಟ್ಟಿಯ ವಾಸನೆ ಇನ್ನೂ ಹೋಗಿಲ್ಲ. ನಾನು ಆ ಕುಂಡವನ್ನು ಎತ್ತಬಾರದಿತ್ತು.

ಮಗಳು ಸಾಕಿದ, ಗಾಜಿಗೆ ಬಾಯಿಂದ ಅಂಟಿಕೊಳ್ಳುವ ಸಕ್ಕರ್ ಮೀನು, ಮೈಯೆಲ್ಲ ಕವಚ, ಮೂತಿಯ ತುಂಬ ಮೀಸೆ ಇರುವ ಪೈಲ್ವಾನ, ಕೆಲವು ದಿನಗಳಿಂದ ತೊಟ್ಟಿಯಲ್ಲಿಟ್ಟ ಮಣ್ಣಿನ ಕುಂಡದೊಳಗೆ ಸೇರಿಕೊಂಡು ತಿನ್ನಲೂ ಹೊರಗೆ ಬಂದಿರಲಿಲ್ಲ. ಸತ್ತಿರಬೇಕು, ಅವಳು ಶಾಲೆಯಿಂದ ಬರುವ ಮೊದಲೇ ತೆಗೆದುಬಿಡೋಣ ಎಂದುಕೊಂಡೆ. ಕುಂಡವನ್ನು ಎತ್ತಿ ನೋಡಿದರೆ ಒಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲು. ಪೈಲ್ವಾನ ಅದರ ಮೇಲೆ ಕವಿದುಕೊಂಡು ಬೀಸಣಿಗೆಯಂತೆ ರೆಕ್ಕೆ ಆಡಿಸುತ್ತಿದ್ದ. ಹೆದರಿ ಚಿಮ್ಮಿ ಮೂಲೆ ಸೇರಿದ. ಕುಂಡವನ್ನು ಇದ್ದಲ್ಲೇ ಇಟ್ಟರೂ ಅತ್ತ ತಿರುಗಲಿಲ್ಲ.

ಅವನು ಕಾಯದಿದ್ದರೆ ಮೊಟ್ಟೆಗಳಿಗೆ ಬೂಷ್ಟು ಹಿಡಿಯುತ್ತದಂತೆ. ಶಾಲೆಯಿಂದ ಬಂದ ಮಗಳೇ ಅಳುತ್ತಾ ಹೇಳಿದಳು.

"ಬಾಣಂತಿ ಕೋಣೆಗೆ ಹೀಗಾ ನುಗ್ಗೋದು?" ಎಂದರು ಅತ್ತೆ.

"ಬಾಣಂತಿ ಅಲ್ಲ ಅಜ್ಜಿ, ಅದು ಅಪ್ಪ."

"ಅಪ್ಪನೇ ಬಾಣಂತನ ಮಾಡ್ತಾನಾ? ನಿಮ್ಮಜ್ಜನಿಗೆ ತೋರಿಸಬೇಕಿತ್ತು ಕಣೇ!"

ಮಗಳು ನಕ್ಕಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ತೊಟ್ಟಿಯ ದೀಪ ಆರಿಸಿ ನಾನೂ ಮಗಳೂ ನೆಲದ ಮೇಲೆ ಕೂತೆವು. ನಾನು ಓದುತ್ತಿರುವ ಅನುವಾದಿತ ಕಾದಂಬರಿಯಲ್ಲಿ ಅಪ್ಪನಾದವನು ಮೂರನೆಯ ಅಧ್ಯಾಯದಲ್ಲೇ ಮನೆ ಬಿಟ್ಟು ಹೋಗಿದ್ದಾನೆ. ಪೈಲ್ವಾನ ಮರಳುತ್ತಾನೆಂದು ನನಗೆ ಹೆಚ್ಚು ನಂಬಿಕೆ ಇರಲಿಲ್ಲ. ಅತ್ತೆ ಊಟಕ್ಕೆ ಕರೆಯುವ ಹೊತ್ತಿಗೆ ಅವನು ಗಾಜಿನುದ್ದಕ್ಕೂ ತೆವಳಿಕೊಂಡು ಬಂದ. ಕುಂಡದ ಬಾಯಲ್ಲಿ ತಡೆದು ನಿಂತ. ಆಮೇಲೆ ಒಳಗೆ ಹೋದ.

"ಅಮ್ಮಾ, ಈಗ ಉಸಿರು ಬಿಡು," ಎಂದಳು ಮಗಳು. ನಾನು ಉಸಿರು ಬಿಗಿಹಿಡಿದಿದ್ದು ಅವಳಿಗೆ ಹೇಗೆ ತಿಳಿಯಿತೋ. ನನ್ನನ್ನು ನೋಡುತ್ತಲೇ ಇದ್ದಳು ಅಂತಾಯಿತು.

ಕಣ್ಣು ಎಳೆಯುತ್ತಿದೆ. ಮಲಗುವ ಮುಂಚೆ ಒಮ್ಮೆ ದೂರದಿಂದಲೇ, ಕೈ ಹಿಂದೆ ಕಟ್ಟಿಕೊಂಡು ಕುಂಡವನ್ನು ನೋಡಿ ಬರುತ್ತೇನೆ.