ಗೋಡೆಯಿಂದ ತೆಗೆದ ನಾಲ್ಕು ಕಲ್ಲು

ಮೇ 26, ಭಾನುವಾರ. ಹೇಸ್, ಲಂಡನ್

ಮತ್ತೆ ಪ್ಯಾಕಿಂಗ್. ನಾಳೆ ಹ್ಯಾರೋದ ಕನ್ನಡ ಕ್ಲಾಸಿನ ಹನ್ನೊಂದು ಮಕ್ಕಳ ಜೊತೆ ಸ್ಕಾಟ್ಲೆಂಡ್. ಅಲ್ಲಿಯ ಹಳ್ಳಿಗಾಡಿನ ಇತಿಹಾಸ ತೋರಿಸಬೇಕಂತೆ — ಶೇಷಾದ್ರಿಯವರ ಐಡಿಯಾ. ಕ್ಲಾಸ್ ನಡೆಸುವವರು ಅವರು, ಪಾಠ ಹೇಳುವವಳು ನಾನು. ಇದರ ಮಧ್ಯೆ ಲ್ಯಾಂಡ್‌ಲಾರ್ಡ್ ಇಮೇಲ್. ಆಗಸ್ಟಿಗೆ ಮನೆ ಖಾಲಿ ಮಾಡಬೇಕು. ಒಂಬತ್ತು ವರ್ಷದಲ್ಲಿ ಐದನೇ ಬಾಡಿಗೆ ಮನೆ. ಥೂ.

ಮೇ 29, ಬುಧವಾರ. ವಾಪಸ್ ಟ್ರೈನಿನಲ್ಲಿ

ಬರೆಯಲು ಕೈ ಬರುತ್ತಿಲ್ಲ. ಬರೆದುಬಿಡಬೇಕು.

ನಿನ್ನೆ ಬೆಟ್ಟದ ಮಗ್ಗುಲಲ್ಲಿ ಒಂದು ಪಾಳು ಊರು. ಕುರಿ ಮೇಯಿಸಲೆಂದು ಜಮೀನ್ದಾರ ಎಲ್ಲರನ್ನೂ ಒಕ್ಕಲೆಬ್ಬಿಸಿದನಂತೆ. ತೋರಿಸಿದವರು ಮೋರಾಗ್, ಅಲ್ಲಿಯವರೇ, ಎಪ್ಪತ್ತು ದಾಟಿದೆ. ಸೊಂಟದೆತ್ತರ ಉಳಿದ ಗೋಡೆಯೊಂದನ್ನು ತೋರಿಸಿ, ನಮ್ಮಜ್ಜಿಯ ಅಜ್ಜಿ ಹುಟ್ಟಿದ ಮನೆ, ಯಾರೂ ಮುಟ್ಟಬೇಡಿ ಎಂದರು.

ಅವರೂ ಶೇಷಾದ್ರಿಯವರೂ ಮುಂದೆ ಹೋದರು. ನಾನು ಮಕ್ಕಳ ಜೊತೆ ಹಿಂದುಳಿದೆ. ನಮ್ಮ ಕಡೆ ಬೆಟ್ಟ ಹತ್ತಿದವರು ಮಾಡುವುದೇ — ಕಲ್ಲಿನ ಮೇಲೆ ಕಲ್ಲು ಜೋಡಿಸಿ, ಸ್ವಂತ ಮನೆ ಆಗಲಿ ಎಂದು ಬೇಡಿಕೊಳ್ಳುವುದು. ಗೋಡೆಯಿಂದಲೇ ನಾಲ್ಕು ತೆಗೆದು ಜೋಡಿಸಿದೆ. ಗೌತಮಿ ನೋಡಿದಳು, ಒಂಬತ್ತು ವರ್ಷದವಳು. “ವಾಟ್ಸ್ ದಟ್, ಆಂಟಿ?” ಹೇಳಿದೆ. ಅವಳೂ ಕಿತ್ತಳು. ಅವಳನ್ನು ನೋಡಿ ಉಳಿದವರೂ. ಗೋಡೆ ಒಂದು ಮಾರು ಉದ್ದಕ್ಕೆ ಕುಸಿಯಿತು.

ಮೋರಾಗ್ ಬಂದು ನೋಡಿ ಹುಲ್ಲಿನ ಮೇಲೆ ಕೂತುಬಿಟ್ಟರು. “ಯಾರು ಶುರು ಮಾಡಿದ್ದು?” ಅಂತ ಶೇಷಾದ್ರಿ. ಮಕ್ಕಳು ಗೌತಮಿಯತ್ತ ಬೆರಳು ಮಾಡಿದರು. ಅವಳು ನನ್ನನ್ನು ನೋಡಿದಳು. ಬಾಯಿ ಬಿಡಲಿಲ್ಲ.

ನಾನು ಹೇಳಿದ್ದೇನು? “ಹೋಗ್ಲಿ ಬಿಡಿ ಸಾರ್, ಮಕ್ಕಳಲ್ವಾ.”

ನಾಚಿಕೆಗೆಟ್ಟವಳು ನಾನು.

ಜೂನ್ 9, ಭಾನುವಾರ

ಮುಂದಿನ ಟ್ರಿಪ್ಪಿಗೆ ಗೌತಮಿ ಬೇಡ ಎಂದು ತೀರ್ಮಾನವಾಯಿತು. ಮೀಟಿಂಗಿನಲ್ಲಿ ನಾನೂ ಇದ್ದೆ. ಹೇಳೋಣವೆಂದು ಬಾಯಿ ತೆರೆದೆ... ನೀರು ಕುಡಿದೆ.

ಹೊರಗೆ ಅವಳ ಅಮ್ಮ ಕಲ್ಯಾಣಿ ಕೈ ಹಿಡಿದುಕೊಂಡರು. “ಅವತ್ತು ನನ್ ಮಗಳ ಪರ ಮಾತಾಡಿದ್ದು ನೀವೊಬ್ರೇ ಅಂತೆ. ಮೋರಾಗ್‌ಗೆ ಸಾರಿ ಲೆಟರ್ ಬರೀಬೇಕು, ನನ್ ಹತ್ರ ಕೂರಲ್ಲ. ಶನಿವಾರ ನಿಮ್ಮನೇಲಿ ಬರೆಸ್ತೀರಾ?”

ಆಗಲಿ ಎಂದೆ. ಥ್ಯಾಂಕ್ಸ್ ಅಂದರು ನನಗೆ.

ಜೂನ್ 15, ಶನಿವಾರ. ಬೆಳಿಗ್ಗೆ 11

ಗೌತಮಿ ಎದುರಿಗೇ ಕೂತು ಬರೆಯುತ್ತಿದ್ದಾಳೆ. ಮುಖ ನೋಡಲಾಗದೆ ನಾನೂ ಡೈರಿ ತೆರೆದೆ. ಅವಳ ಕಾಗದದ ತುಂಬ ‘ಐ’ — ಐ ಟುಕ್, ಐ ಬ್ರೋಕ್. ಆಂಟಿ ಎಲ್ಲೂ ಇಲ್ಲ.

ಈಗ ತಲೆ ಎತ್ತಿದಳು. “ಆರ್ ಯೂ ರೈಟಿಂಗ್ ಯುವರ್ ಸಾರಿ ಟೂ, ಆಂಟಿ?”

ಹೂಂ ಅಂದೆ.

ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ, ನಾನೇ ಕಲಿಸಿದ್ದು. ಮುಚ್ಚಿಬಿಡಬಹುದು. ಮುಚ್ಚಲಾರೆ. ಎಡಗಡೆ ಪುಟದಲ್ಲಿ, ಅವತ್ತು ಟ್ರೈನಿನಲ್ಲಿ ಬರೆದದ್ದರ ಮೇಲೆ ಬೆರಳಿಟ್ಟಿದ್ದಾಳೆ. “ಗೋ... ಡೆ... ಯಿಂ... ದ...”